ಇ-ಪುಸ್ತಕ ಡೈರಿ: ಕಾಫಿ ಹೂವಿನ ಪಾಠ ಎಲ್ಲಿಗೆ ಬಂತು?

ಎಐ ನೆರವಿನಲ್ಲಿ ಕಟ್ಟುತ್ತಿರುವ ಮಕ್ಕಳ ವಿಜ್ಞಾನದ ಇ-ಪುಸ್ತಕದಲ್ಲಿ ಪರಾಗಸ್ಪರ್ಶದ ಪಾಠಕ್ಕೆ ಕರಡು ಸಿದ್ಧವಾಗಿದೆ. ದಾಸವಾಳ ಬಿಟ್ಟು ಕಾಫಿ ಹೂವನ್ನೇ ಹಿಡಿದೆ. ಕೊಡಗಿನ ಸೋಮವಾರಪೇಟೆ, ವಿರಾಜಪೇಟೆ ಕಡೆಯ ಮಕ್ಕಳು ದಿನಾ ನೋಡುವ ಗಿಡ ಅದೇ ಅಲ್ವಾ?

ಎಐ ಕೊಟ್ಟ ಮೊದಲ ಬರಹದಲ್ಲಿ ಅರೇಬಿಕಾ, ರೊಬಸ್ಟಾ ಎಂಬ ಎರಡೂ ಕಾಫಿ ತಳಿಗೆ ಒಂದೇ ಮಾತು ಇತ್ತು. ಆದರೆ ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ರೊಬಸ್ಟಾಗೆ ಬೇರೆ ಗಿಡದ ಪರಾಗ ಬೇಕು. ಅದನ್ನು ಗಾಳಿಯೋ ಜೇನುಹುಳವೋ ತರಬೇಕು. ಪಾಠದ ಜೀವಾಳವೇ ಇದು. ಹಾಗಾಗಿ ಈಗ ವಿಷಯವನ್ನೆಲ್ಲ ನಾನೇ ಬರೆದುಕೊಟ್ಟು, ಇದರಾಚೆ ಹೋಗಬೇಡ ಎನ್ನುತ್ತೇನೆ. ಉದ್ದ ವಾಕ್ಯ ಒಡೆಯುವುದು, ಪ್ರಶ್ನೆ ಮಾಡುವುದು ಎಐ ಪಾಲಿಗೆ.

ಪ್ರಶ್ನೆಗಳಲ್ಲಿ ಅದು ನಿಜಕ್ಕೂ ಚುರುಕು. ಅದರಲ್ಲೂ ತಪ್ಪು ಉತ್ತರದ ಆಯ್ಕೆಗಳು! ‘ಜೇನುಹುಳ ಹೂವಿಗೆ ಬರುವುದು ಪರಾಗ ಹಂಚಲಿಕ್ಕೆ’ ಎಂಬುದು ಅದೇ ಕೊಟ್ಟದ್ದು. ಮಕ್ಕಳು ಹಾಗೇ ಅಂದುಕೊಂಡಿರುತ್ತಾರೆ. ಹುಳ ಬರುವುದು ಊಟಕ್ಕೆ; ಮೈಗೆ ಅಂಟಿದ ಪರಾಗ ಸುಮ್ನೆ ಜೊತೆಗೆ ಹೋಗುತ್ತದೆ. ‘ಹೂ ಅರಳಿದ ದಿನವೇ ಜೋರು ಮಳೆ ಹೊಡೆದರೆ ರೊಬಸ್ಟಾ ಫಸಲು ಯಾಕೆ ಕಡಿಮೆಯಾಗಬಹುದು?’ ಎಂಬುದು ಮಾತ್ರ ನನ್ನ ಪ್ರಶ್ನೆ. ತೋಟದ ಮನೆಯ ಮಕ್ಕಳು ಅಪ್ಪನ ಮುಖ ನೋಡಿಯೇ ಉತ್ತರ ಹೇಳಿಯಾರು.

ಚಿತ್ರಗಳದ್ದೇ ತಲೆನೋವು ಜಾಸ್ತಿ. ಕಾಫಿ ತೋಟ ಎಂದರೆ ಎಐ ಬಟಾಬಯಲಿನಲ್ಲಿ ಸಾಲು ಗಿಡ ಬರೆಯುತ್ತದೆ. ನೆರಳಿಲ್ಲ, ಸಿಲ್ವರ್ ಓಕ್ ಇಲ್ಲ, ಮೆಣಸಿನ ಬಳ್ಳಿಯೂ ಇಲ್ಲ. ಅದು ಕೊಡಗಲ್ಲ. ಎಲ್ಲವನ್ನೂ ಬಿಡಿಸಿ ಹೇಳಿದ ಮೇಲೆ ಸುಮಾರಾಗಿ ಬಂತು. ಕನ್ನಡ ಅಕ್ಷರ ಬರೆಸಿದರೆ ಒತ್ತಕ್ಷರ ಕಲಸಿಹೋಗುತ್ತದೆ. ಅದಕ್ಕೇ ಚಿತ್ರವನ್ನು ಖಾಲಿ ತೆಗೆದುಕೊಂಡು, ಕೇಸರ, ಶಲಾಕೆ ಎಂಬ ಹೆಸರುಗಳನ್ನು ಮೇಲೆ ಪಠ್ಯವಾಗಿ ಕೂರಿಸುತ್ತಿದ್ದೇನೆ. ದೊಡ್ಡದು ಮಾಡಿದರೂ ಅಕ್ಷರ ಮಸುಕಾಗುವುದಿಲ್ಲ, ಹುಡುಕಿದರೆ ಸಿಗುತ್ತದೆ.

 

ಓದುವ ಮಗು ಎಐ ಜೊತೆ ಮಾತಾಡುವ ಚಾಟ್ ಕಿಟಕಿಯನ್ನು ಬೇಕಂತಲೇ ಕೈಬಿಟ್ಟೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ. ಎಐ ಕೆಲಸವೆಲ್ಲ ಪುಸ್ತಕ ಕಟ್ಟುವಾಗಲೇ ಮುಗಿಯಬೇಕು. ಫೈಲು ಇಪಬ್ 3 ಎಂಬ ಇ-ಪುಸ್ತಕದ ಮಾದರಿಯಲ್ಲಿದೆ, ಒಮ್ಮೆ ಇಳಿಸಿಕೊಂಡರೆ ಸಾಕು. ಒತ್ತಿದಾಗ ಸುಳಿವು ತೋರಿಸಲು ಬೇಕಾದ ಜಾವಾಸ್ಕ್ರಿಪ್ಟ್ ಕೋಡ್ ಕೆಲವು ರೀಡರ್ ಆ್ಯಪ್‌ಗಳಲ್ಲಿ ನಡೆಯುವುದಿಲ್ಲ. ಹಾಗಾಗಿ ಪ್ರಶ್ನೆಗಳ ಸುಳಿವುಗಳನ್ನು ಕೊನೆಯ ಪುಟಗಳಲ್ಲಿಟ್ಟು ಲಿಂಕ್ ಕೊಟ್ಟಿದ್ದೇನೆ.

ಬಾಕಿ ಇರುವುದು ಹೂವಿನ ನಿಜವಾದ ಫೋಟೊ. ಅದಕ್ಕೆ ಮಾರ್ಚ್–ಏಪ್ರಿಲ್‌ನ ಹೂಮಳೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಮಳೆ, ಬೀಳಬೇಕು. ಅಲ್ಲಿಯವರೆಗೆ ಮಣ್ಣಿನ ಪಾಠ ಶುರು ಮಾಡುತ್ತೇನೆ.