ಆರು ಮನೆ, ಆರು ಛತ್ರಿ

ಮಾಳಿಗೆ ಸೋರುತ್ತೆ ಅಂತ ಈ ವಾರ ನಮ್ಮ ಬಿಲ್ಡಿಂಗಿನಲ್ಲಿ ವಾಟರ್‌ಪ್ರೂಫಿಂಗ್ ಹಿಡಿದಿದ್ದಾರೆ. ಕಂಟ್ರಾಕ್ಟರ್ ಮೇಲೆ ಹೋಗಿ ನೋಡಿ ಬಂದವನೇ ಡಿಶ್ ಛತ್ರಿಗಳ ಕಡೆ ಕೈ ತೋರಿಸಿದ. ಆರು ಮನೆಗೆ ಆರು ಛತ್ರಿ, ಒಂದೊಂದಕ್ಕೆ 4 ಬೋಲ್ಟ್. ಸ್ಲ್ಯಾಬಿನಲ್ಲಿ ಒಟ್ಟು 24 ತೂತು. ನೀರು ಇಳಿಯೋದು ಅಲ್ಲೇ ಅಂತೆ. "ಮತ್ತ ಬೋಲ್ಟ್ ಹೊಡದ್ರ ನನ್ ಗ್ಯಾರಂಟಿ ಇಲ್ರಿ" ಅಂದುಬಿಟ್ಟ.

ಛತ್ರಿ ಬಿಚ್ಚೋಕೆ ಬಂದ ಹುಡುಗನನ್ನು ಕೆಳಮನೆಯ ಮೇಷ್ಟ್ರು ಹಿಡಿದುಕೊಂಡರು. ಅವರು ರಿಟೈರ್ ಆದವರು. ಎಲ್ಲದಕ್ಕೂ ಪ್ರಶ್ನೆ ಹಾಕ್ತಾರೆ, ಬಿಲ್ಡಿಂಗಿನಲ್ಲಿ ಅರ್ಧ ಜನ ಅವರನ್ನು ಕಂಡರೆ ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡೀತಾರೆ.

"ಒಂದೇ ಛತ್ರಿಲಿಂದ ಆರು ಮನಿಗಿ ಕೊಡ್ಲಿಕ್ಕ ಬರ್ತದೇನಪ್ಪ?"

"ಬರ್ತದ್ರಿ ಸರ್. ಆದ್ರ ಆರೂ ಮನಿಯವರು ಒಪ್ಪಬೇಕಲ್ರಿ."

ಹುಡುಗ ನಗುತ್ತಾ ಅಂದ, ಸ್ಪ್ಯಾನರ್ ತಿರುಗಿಸೋದನ್ನೂ ನಿಲ್ಲಿಸಲಿಲ್ಲ. ಅವತ್ತಿಂದ ಆ ಮಾತು ನನ್ನ ತಲೆ ಬಿಟ್ಟು ಹೋಗಿಲ್ಲ.

ಯಾಕಂದ್ರೆ ಈ ಬಿಲ್ಡಿಂಗಿನಲ್ಲಿ ಮೊದಲು ಇದ್ದದ್ದು ಒಂದೇ ಆಂಟೆನಾ. ಅದರ ಕಬ್ಬಿಣದ ಪೈಪು ಇನ್ನೂ ನೀರಿನ ಟ್ಯಾಂಕಿನ ಪಕ್ಕ ತುಕ್ಕು ಹಿಡಿದು ನಿಂತಿದೆ. ಪೈಪಿಗೆ ಕಟ್ಟಿದ, ಸಿಗ್ನಲ್ ಹೆಚ್ಚಿಸೋ ಬೂಸ್ಟರ್ ಡಬ್ಬಿಯನ್ನು ಹುಡುಗ ಮೊನ್ನೆ ತೆಗೆದಾಗ ಒಳಗೆ ಕಣಜ ಗೂಡು ಕಟ್ಟಿತ್ತು. ಆ ಬೂಸ್ಟರಿಗೆ ಕರೆಂಟ್ ಹೋಗುತ್ತಿದ್ದದ್ದು ಮೇಷ್ಟ್ರ ಮನೆ ಪ್ಲಗ್ಗಿನಿಂದ. ಅವರು ಊರಿಗೆ ಹೋಗುವಾಗ ಸ್ವಿಚ್ ಆರಿಸಿಬಿಟ್ಟರೆ ಎಲ್ಲರ ಮನೆಯಲ್ಲೂ ಟಿವಿ ತುಂಬ ಚುಕ್ಕಿ!

ಆಗ ಜಗಳವೇ ಇರಲಿಲ್ಲ ಅಂತಲ್ಲ. ಆದರೆ ಕೆಲಸ ಸುಲಭ ಇತ್ತು. ಊರಿಗೊಂದೇ ದೂರದರ್ಶನದ ಟವರ್, ಎಲ್ಲಾ ಆಂಟೆನಾಗಳ ಮುಖ ಆ ಕಡೆಗೇ. 1982ರಲ್ಲಿ ದೇಶಕ್ಕೆ ಕಲರ್ ಬಂದಾಗಲೂ ಯಾರೂ ಆಂಟೆನಾ ಬದಲಿಸಬೇಕಾಗಲಿಲ್ಲ. ಬಣ್ಣದ ಸಿಗ್ನಲ್ಲನ್ನು ಹಳೇ ಚಾನೆಲ್ಲಿನ 7 ಮೆಗಾಹರ್ಟ್ಸ್ ಜಾಗದಲ್ಲೇ ಕೂರಿಸಿದ್ದರು. ಬ್ಲ್ಯಾಕ್ ಅಂಡ್ ವೈಟ್ ಸೆಟ್ಟೂ ನಡೀತು, ಕಲರ್ ಸೆಟ್ಟೂ ನಡೀತು.

ಹಂಚಿಕೊಂಡು ನೋಡೋದು ಈ ಭಾಗಕ್ಕೆ ಹೊಸದೇನಲ್ಲ. 1975ರ ಆಗಸ್ಟಿನಲ್ಲಿ, ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸೋ ಸೈಟ್ ಪ್ರಯೋಗ ಶುರುವಾದಾಗ ಕರ್ನಾಟಕದಲ್ಲಿ ಆರಿಸಿಕೊಂಡದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಅಮೆರಿಕದ ಎಟಿಎಸ್-6 ಉಪಗ್ರಹದಿಂದ ನೇರ ಹಳ್ಳಿಗೆ. ತಂತಿ ಜಾಲರಿಯ 10 ಅಡಿ ಛತ್ರಿ, ಊರಿಗೆಲ್ಲ ಒಂದೇ ಟಿವಿ. 1977ರಲ್ಲಿ ಗುಲ್ಬರ್ಗಕ್ಕೇ ಟಿವಿ ಟ್ರಾನ್ಸ್‌ಮಿಟರ್ ಬಂತು. ಬೆಂಗಳೂರಿಗೆ ಬಂದದ್ದು 1981ರಲ್ಲಿ. ಬೆಂಗಳೂರಿನ ನೆಂಟರಿಗೆ ಇದನ್ನು ಹೇಳೋ ಯಾವ ಅವಕಾಶವನ್ನೂ ನಾನು ಬಿಡೋದಿಲ್ಲ.

ತೊಡಕು ಶುರುವಾದದ್ದು ಮನೆ ಮನೆಗೆ ಡಿಶ್ ಬಂದಮೇಲೆ. ಹಳೇ ಆಂಟೆನಾ ಬಂದದ್ದನ್ನು ಎಲ್ಲರಿಗೂ ಒಂದೇ ಥರ ಹಂಚುತ್ತಿತ್ತು. ಡಿಶ್ ಹಾಗಲ್ಲ. ಇಲ್ಲಿ ಟಿವಿ ಪಕ್ಕದ ಡಬ್ಬಾ, ಅಂದ್ರೆ ಸೆಟ್‌ಟಾಪ್ ಬಾಕ್ಸ್, ಕೇಬಲ್ಲಿನಲ್ಲಿ ಮೇಲಕ್ಕೆ ವೋಲ್ಟೇಜ್ ಕಳಿಸಿ ತನಗೆ ಬೇಕಾದ್ದನ್ನು ಕೇಳುತ್ತದೆ. 13 ವೋಲ್ಟ್ ಆದರೆ ಒಂದು ಗುಂಪಿನ ಚಾನೆಲ್, 18 ಆದರೆ ಇನ್ನೊಂದು. ನಡುವೆ ಸುಮ್ನೆ ಒಂದು ಸ್ಪ್ಲಿಟರ್ (ಒಂದು ವೈರನ್ನು ಹಲವಾಗಿ ಕವಲು ಮಾಡೋ ತುಂಡು) ಹಾಕಿದರೆ ಒಂದು ಮನೆಯವರು ಚಾನೆಲ್ ಬದಲಿಸಿದಾಗ ಇನ್ನೊಂದು ಮನೆಯಲ್ಲಿ ಧಾರಾವಾಹಿ ಮಾಯ. ಹಳೇ ವೈರು, ಸ್ಪ್ಲಿಟರ್‌ಗಳೂ ಕೆಲಸಕ್ಕೆ ಬರೋದಿಲ್ಲ. ಅವು ಮಾಡಿದ್ದು 200 ಮೆಗಾಹರ್ಟ್ಸ್ ಆಸುಪಾಸಿಗೆ, ಛತ್ರಿಯಿಂದ ಇಳಿಯೋದು 950ರಿಂದ 2150.

ಇದಕ್ಕೂ ಮದ್ದು ಇದೆ, ಮಲ್ಟಿಸ್ವಿಚ್ ಅಂತ. ಪ್ರತಿ ಮನೆಯ ವೋಲ್ಟೇಜನ್ನು ಬೇರೆ ಬೇರೆ ಓದಿಕೊಂಡು ಕೇಳಿದವರಿಗೆ ಕೇಳಿದ್ದನ್ನು ಕೊಡುತ್ತದೆ. ದೊಡ್ಡ ಊರಿನ ಅಪಾರ್ಟ್‌ಮೆಂಟುಗಳಲ್ಲಿ ಇದು ಮಾಮೂಲು. ಅಂದ್ರೆ ಹುಡುಗ ಹೇಳಿದ್ದು ಅಕ್ಷರಶಃ ನಿಜ. ಬರ್ತದ್ರಿ.

ಒಪ್ಪೋದೇ ಕಷ್ಟ. ನಮ್ಮಲ್ಲಿ ಎರಡು ಕಂಪನಿಯ ಡಬ್ಬಾಗಳಿವೆ, ಒಂದು ಮನೆಯಲ್ಲಿ ದೂರದರ್ಶನದ ಡಿಡಿ ಫ್ರೀ ಡಿಶ್. ಒಂದೊಂದರ ಉಪಗ್ರಹ ಒಂದೊಂದು ದಿಕ್ಕಿಗೆ. ಕಂಪನಿ ಬದಲಿಸಿ ಅಂದರೆ ಜನಕ್ಕೆ ಜಾತಿ ಬದಲಿಸಿ ಅಂದಷ್ಟು ಸಿಟ್ಟು. ಬೇಡ, ಕಂಪನಿಗೊಂದರಂತೆ ಮೂರು ಛತ್ರಿ ಸಾಕು ಅಂದರೂ, ಮಲ್ಟಿಸ್ವಿಚ್ಚಿನ ಪ್ಲಗ್ ಯಾರ ಮನೆಯಲ್ಲಿ ಅನ್ನೋ ಪ್ರಶ್ನೆ. ಎರಡನೇ ಮಹಡಿಯವರು ಮೇಷ್ಟ್ರ ಮುಖಕ್ಕೇ ಕೇಳಿದರು, "ನೀವು ಊರಿಗಿ ಹೋದ್ರ ಮತ್ತ ಆರಸ್ತೀರಿ, ಅಲ್ವಾ?" ನಗೆ ಬಂತು. ಆದರೆ ಮೇಷ್ಟ್ರು ಅಷ್ಟು ವರ್ಷ ಎಲ್ಲರ ಬೂಸ್ಟರಿಗೆ ತಮ್ಮ ಮೀಟರಿನಿಂದ ಕರೆಂಟ್ ಕೊಟ್ಟಿದ್ದನ್ನು ಒಬ್ಬರೂ ಎತ್ತಲಿಲ್ಲ. ನನಗೆ ಅದು ಸರಿ ಕಾಣಲಿಲ್ಲ.

2022ರ ಹೊತ್ತಿಗೆ ದೂರದರ್ಶನದ ಹಳೇ ಅನಲಾಗ್ ಟ್ರಾನ್ಸ್‌ಮಿಟರುಗಳು ದೇಶದಲ್ಲಿ ಬಹುತೇಕ ಬಂದ್ ಆದವು. ಆ ತುಕ್ಕು ಪೈಪಿಗೆ ಈಗ ಹಿಡಿಯೋಕೆ ಏನೂ ಇಲ್ಲ. ಆದರೂ ಅದು ನಿಂತಿರೋದು ಗಾರೆಯ ಕಟ್ಟೆ ಮೇಲೆ. ಸ್ಲ್ಯಾಬಿಗೆ ಅದರಿಂದ ಒಂದು ತೂತೂ ಆಗಿಲ್ಲ. ಕಂಟ್ರಾಕ್ಟರೇ ಅದನ್ನು ಮೆಚ್ಚಿ ಮಾತಾಡಿದ.

ಛತ್ರಿ ಹಂಚಿಕೊಳ್ಳೋಣವೇ ಅಂತ ನಿನ್ನೆ ರಾತ್ರಿ ಮೇಷ್ಟ್ರು ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದ್ದಾರೆ. "ಎಲ್ಲರೂ ಹೂಂ ಅಂದ್ರ ನಮ್ದೂ ಹೂಂ" ಅಂತ ಮೂರು ಮನೆಯವರು ಬರೆದಿದ್ದಾರೆ. ಎರಡನೇ ಮಹಡಿಯವರು ಸುಮ್ನೆ ಹೆಬ್ಬೆರಳು ಒತ್ತಿದ್ದಾರೆ, ಅದು ಹೂಂ ಹೌದೋ ಅಲ್ವೋ ಗೊತ್ತಿಲ್ಲ. ಮಲ್ಟಿಸ್ವಿಚ್ ರೇಟು ನಾನು ವಿಚಾರಿಸ್ತೀನಿ ಅಂದಿದ್ದೀನಿ. ಶನಿವಾರ ಕೊನೇ ಕೋಟಿಂಗ್ ಅಂತೆ, ಅಷ್ಟರೊಳಗೆ ಹೇಳಬೇಕು.