ಫೋನಿನಲ್ಲಿದ್ದಾಗ ಕೈ ಗೀಚಿದ್ದು

ಇವತ್ತು ಫೋನ್ ಮಾತು ಮುಗಿಯೋ ಹೊತ್ತಿಗೆ ಕರೆಂಟ್ ಬಿಲ್ಲಿನ ಹಿಂಬದಿ ತುಂಬಾ ಗೀಚು. ಹುಳದಂಥ ಒಂದು ಸುರುಳಿ, ಸುತ್ತ ಚುಕ್ಕಿಗಳು.

ಕಲಾವಿದ, ಸಿನಿಮಾ ಮಾಡ್ತಿದ್ದ ಲೆನ್ ಲೈ ನೆನಪಾದ.

1901ರಲ್ಲಿ ನ್ಯೂಜಿಲೆಂಡಿನಲ್ಲಿ ಹುಟ್ಟಿ, 1926ರಲ್ಲಿ ಲಂಡನ್ನಿಗೆ ಬಂದವನು. ಇಂಥ ಗೀಚನ್ನೇ ಕೆಲಸ ಮಾಡಿಕೊಂಡಿದ್ದ. ಹಾಗೆ ಬಂದ ಹುಳುಗಳೇ 1929ರ ಅವನ ಅನಿಮೇಷನ್ ಚಿತ್ರ 'ಟುಸಲಾವಾ'. ಸುಮಾರು ಎರಡು ವರ್ಷದ ದುಡಿಮೆ, ಕೈಯಲ್ಲಿ ಬರೆದ 4,000ಕ್ಕೂ ಹೆಚ್ಚು ಚಿತ್ರ. ಪರದೆ ಮೇಲೆ ಹತ್ತು ನಿಮಿಷವಷ್ಟೇ!

ಇಂಥ ಗೀಚು ಅಂದ್ರೆ ಸರ್ರಿಯಲಿಸಂ, ಅಂದರೆ ಕನಸು, ಸುಪ್ತಮನಸ್ಸನ್ನು ಕಲೆಗೆ ತಂದ ಚಳವಳಿ, ನೆನಪಾಗಬಹುದು. ಆದರೆ ಲೈಗೆ ಎಲ್ಲ ಅಲ್ಲಿಂದಲೇ ಬಂತು ಅನ್ನೋದು ತಪ್ಪು. ಸಮೋವಾ, ಆಸ್ಟ್ರೇಲಿಯದ ಮೂಲನಿವಾಸಿಗಳ ಕಲೆ ಅವನೊಳಗೆ ಮೊದಲೇ ಇತ್ತು. ಆದರೆ ಯೋಚಿಸದೆ ಕೈಯನ್ನು ಬಿಟ್ಟುಬಿಡೋ ಧೈರ್ಯ ಪ್ಯಾರಿಸ್ಸಿನಲ್ಲಿ ಆಂದ್ರೆ ಮಾಸೋನ್ ಥರದ ಸರ್ರಿಯಲಿಸ್ಟ್ ಕಲಾವಿದರಲ್ಲೂ ಇತ್ತು. 1936ರ ಲಂಡನ್ ಸರ್ರಿಯಲಿಸ್ಟ್ ಪ್ರದರ್ಶನದಲ್ಲಿ ಲೈ ಕೃತಿಗಳೂ ಇದ್ದವು.

ಮಾಡಿ ನೋಡ್ತೀರಾ? ಮೆದು ಪೆನ್ಸಿಲ್ ತಗೊಳ್ಳಿ, 4ಬಿ ಅಥವಾ 6ಬಿ (ಬಿ ಮುಂದಿನ ಅಂಕಿ ಹೆಚ್ಚಾದಷ್ಟೂ ಮೆದು). ಗಟ್ಟಿ ಪೆನ್ಸಿಲ್ ಆದ್ರೆ ಒತ್ತಬೇಕು, ಒತ್ತಿದ ಕೂಡಲೇ ಗಮನ ಅಲ್ಲಿಗೇ ಬರುತ್ತೆ. ಪೆನ್ಸಿಲ್ ತುದಿಯನ್ನು ಹಾಳೆಯಿಂದ ಎತ್ತಬೇಡಿ. ಕಣ್ಣು ಬೇರೆಲ್ಲೋ ಇರಲಿ.

ಕೆಡೋದು ಇಲ್ಲಿ: ನಡುವೆ ಎಲ್ಲೋ ಒಂದು ಮೂಗು ಕಂಡುಬಿಡುತ್ತೆ, ಕೈ ಅದಕ್ಕೆ ಮುಖ ಬರೆಯೋಕೆ ಹೊರಡುತ್ತೆ. ಆಗ ಹಾಳೆ ತಿರುಗಿಸಿ, ತಲೆಕೆಳಗಾಗಿಟ್ಟು ಮುಂದುವರಿಸಿ.