ಗೋಲ್ಡರ್ಸ್ ಗ್ರೀನ್‌ನಲ್ಲಿ ಸಿಕ್ಕ ಮಾವಿನಕಾಯಿ

ಲಂಡನ್, ಜುಲೈ 14, 2024, ಭಾನುವಾರ

ಇವತ್ತು ಮಧ್ಯಾಹ್ನ ಅಮ್ಮ ಪಿತಾ ರೊಟ್ಟಿಯ ಒಳಗಿಂದ ಒಂದು ಹಳದಿ ಹೋಳು ತೆಗೆದು ಮೂಸಿ ನೋಡಿದಳು. ಬಾಯಿಗೆ ಹಾಕಿಕೊಂಡಳು. "ಮೆಂತ್ಯ ಹಾಕಿದಾರೆ ಕಣೋ. ಇದು ಮಾವಿನಕಾಯಿ" ಅಂದಳು. ಅವಳು ಮೈಸೂರಿಂದ ಬಂದು ಮೂರು ವಾರವಾಯಿತು. ಹೊರಗಿನ ಊಟದಲ್ಲಿ ಎರಡನೇ ತುತ್ತು ಬಾಯಿಗಿಟ್ಟಿದ್ದು ಇದೇ ಮೊದಲು.

ನಿನ್ನೆಯೇ ಹೋಗಿದ್ದೆವು. ನಾರ್ದರ್ನ್ ಲೈನ್ ರೈಲಿನಲ್ಲಿ ತುಂಬ ಯಹೂದಿಗಳಿರುವ ಗೋಲ್ಡರ್ಸ್ ಗ್ರೀನ್‌ಗೆ ಇಳಿದು ನೋಡಿದರೆ ಯಹೂದಿಗಳ ಹೋಟೆಲು, ಬೇಕರಿ ಒಂದೂ ತೆಗೆದಿರಲಿಲ್ಲ. ಶನಿವಾರ ಅವರಿಗೆ ಸಬ್ಬತ್, ವಾರದ ವಿಶ್ರಾಂತಿಯ ದಿನ ಅನ್ನೋದನ್ನು ಮರೆತೇಬಿಟ್ಟಿದ್ದೆ. ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ಕತ್ತಲಾಗುವ ತನಕ ಒಲೆ ಹಚ್ಚುವಂತಿಲ್ಲ, ದುಡ್ಡು ಮುಟ್ಟುವಂತಿಲ್ಲ. ಬೇಸಿಗೆಯಲ್ಲಿ ಇಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತರ ಮೇಲೆ. ಬಿಸಿಲಲ್ಲಿ ಅಮ್ಮನನ್ನು ಸುಮ್ನೆ ನಡೆಸಿದೆನಲ್ಲ ಅಂತ ಬೇಜಾರಾಯಿತು. ಅವಳು ಮಾತ್ರ ಬಿಳಿ ಅಂಗಿ, ಕಪ್ಪು ಟೋಪಿ ಹಾಕಿಕೊಂಡು ಮಕ್ಕಳ ಕೈ ಹಿಡಿದು ಹೋಗುತ್ತಿದ್ದವರನ್ನು ನೋಡಿ, "ಹಬ್ಬದ ದಿನದ ಹಾಗಿದೆ" ಅಂದಳು.

ಇವತ್ತು ಅದೇ ರಸ್ತೆ ಗಿಜಿಗುಡುತ್ತಿತ್ತು. ನಾನು ಹುಡುಕಿದ್ದು ಮಾಂಸವನ್ನೇ ಒಳಗೆ ಬಿಡದ ಹೋಟೆಲು. ಯಹೂದಿಗಳ ಕೋಷರ್ ಅನ್ನೋ ಊಟದ ನಿಯಮದಲ್ಲಿ ಹಾಲು ಮತ್ತು ಮಾಂಸ ಸೇರುವ ಹಾಗಿಲ್ಲ. ಪಾತ್ರೆ ಬೇರೆ, ಚಮಚ ಬೇರೆ, ಎಷ್ಟೋ ಮನೆಗಳಲ್ಲಿ ತೊಳೆಯುವ ಸಿಂಕೂ ಬೇರೆ. ಹಾಗಾಗಿ ಹಾಲಿನ ಹೋಟೆಲು ಅಂದರೆ ಅಲ್ಲಿ ಕುರಿ, ಕೋಳಿ ಏನೂ ಇರುವುದಿಲ್ಲ. ಮೀನು, ಮೊಟ್ಟೆ ಇರಬಹುದು, ಅದನ್ನು ಕೇಳಿಕೊಳ್ಳಬೇಕು. ಆಡಿನ ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬೇಡ ಅಂತ ಅವರ ಧರ್ಮಗ್ರಂಥ ತೋರಾದಲ್ಲಿ ಬರುವ ಒಂದು ಮಾತಿನಿಂದ ಇಷ್ಟೆಲ್ಲಾ ಬೆಳೆದಿದೆ ಅಂತ ಅಮ್ಮನಿಗೆ ಹೇಳಿದೆ. ನಮ್ಮಜ್ಜಿಯ ಮಡಿ ನೋಡಿ ಬೆಳೆದವಳು ಅವಳು. ಬೇರೆ ಪಾತ್ರೆಯ ವಿಷಯ ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಮೊದಲು ಫಲಾಫೆಲ್ ಬಂತು. ಅಮ್ಮ ಮುರಿದು ಒಳಗೆ ನೋಡಿದಳು. "ಕಡಲೆ ಬೇಯಿಸಿಲ್ಲ, ನೆನೆಸಿ ತರಿತರಿಯಾಗಿ ರುಬ್ಬಿದಾರೆ. ಅಂಬೊಡೆ ಇದು" ಅಂದಳು. ಸರಿಯಾಗೇ ಹೇಳಿದ್ದಳು. ಆದರೆ ಫಲಾಫೆಲ್‌ಗೂ ಅಂಬೊಡೆಗೂ ಇರೋದು ಬರೀ ಹೋಲಿಕೆ. ಎಲ್ಲಿ ಕಾಳು ನೆನೆಸುತ್ತಾರೋ, ಎಲ್ಲಿ ಎಣ್ಣೆ ಕಾಯಿಸುತ್ತಾರೋ ಅಲ್ಲಿ ಇಂಥದ್ದು ಹುಟ್ಟಬಹುದು. ಮಾವಿನಕಾಯಿಯ ಕಥೆ ಹಾಗಲ್ಲ. ಅಲ್ಲಿರೋದು ನಿಜವಾದ ನಂಟು.

ಆ ಹೋಳು ಇದ್ದದ್ದು ಸಬೀಹ್ ಅನ್ನೋ ತಿಂಡಿಯಲ್ಲಿ. ಪಿತಾ ಒಳಗೆ ಕರಿದ ಬದನೆಕಾಯಿ, ಬೇಯಿಸಿದ ಮೊಟ್ಟೆ, ಎಳ್ಳು ರುಬ್ಬಿದ ತಹಿನಿ, ಹೆಚ್ಚಿದ ಟೊಮೆಟೊ, ಸೌತೆಕಾಯಿ. ಅಮ್ಮನದಕ್ಕೆ ಮೊಟ್ಟೆ ಬೇಡ ಅಂದೆ. ಕೌಂಟರಿನ ಹುಡುಗ ಹಳದಿ ಬಾಟಲಿ ಎತ್ತಿ "ಅಂಬಾ?" ಅಂತ ಕೇಳಿದ. ಅಮ್ಮ ತಿರುಗಿ ನೋಡಿದಳು. ದೇವಿಯ ಹೆಸರು ಇಲ್ಲಿ ಹೇಗೆ ಬಂತು ಅಂತ ಅವಳಿಗೆ.

ಅಂಬಾ ಅನ್ನೋದು ಮರಾಠಿಯ ಆಂಬಾ, ಅಂದರೆ ಮಾವು. ಮಾವಿನಕಾಯಿ, ಮೆಂತ್ಯ, ಅರಿಶಿನ, ಉಪ್ಪು, ಹುಳಿ ಸೇರಿದ ಉಪ್ಪಿನಕಾಯಿ. 19ನೇ ಶತಮಾನದಲ್ಲಿ ಬಾಗ್ದಾದಿನ ಯಹೂದಿ ವ್ಯಾಪಾರಿಗಳು ಮುಂಬೈಯಲ್ಲಿ ನೆಲೆಯೂರಿದ್ದರು. ಡೇವಿಡ್ ಸಸೂನ್ ಮನೆತನ ಅವರಲ್ಲಿ ದೊಡ್ಡದು. ಅವರ ವ್ಯಾಪಾರದ ದಾರಿಯಲ್ಲೇ ಈ ಉಪ್ಪಿನಕಾಯಿ ಇರಾಕಿಗೆ ಹೋಯಿತು ಅಂತ ಹೇಳುತ್ತಾರೆ. ಅಲ್ಲಿ ಹೆಸರೂ ಹಾಗೇ ಉಳಿಯಿತು. ಇರಾಕಿನ ಯಹೂದಿಗಳು ಶುಕ್ರವಾರವೇ ಬದನೆಕಾಯಿ ಕರಿದಿಟ್ಟು, ಮುಂಚೆಯೇ ಹಚ್ಚಿಟ್ಟ ಸಣ್ಣ ಉರಿಯಲ್ಲಿ ರಾತ್ರಿಯಿಡೀ ಮೊಟ್ಟೆ ಬೇಯಲು ಬಿಟ್ಟು, ಸಬ್ಬತ್ ಬೆಳಿಗ್ಗೆ ತಿನ್ನುತ್ತಿದ್ದರು. ನಿನ್ನೆ ಬಾಗಿಲು ಮುಚ್ಚಿಸಿದ್ದ ಆ ನಿಯಮವೇ ಈ ತಿಂಡಿಯನ್ನೂ ಹುಟ್ಟಿಸಿದೆ. 1950-51ರಲ್ಲಿ 1 ಲಕ್ಷಕ್ಕೂ ಹೆಚ್ಚು ಯಹೂದಿಗಳು ಇರಾಕ್ ಬಿಟ್ಟು ವಿಮಾನದಲ್ಲಿ ಇಸ್ರೇಲಿಗೆ ಹೋದರು. ಮನೆಯ ಬೆಳಗಿನ ತಿಂಡಿ ಟೆಲ್ ಅವೀವ್ ಪಕ್ಕದ ರಮತ್ ಗನ್‌ನಲ್ಲಿ ಬೀದಿ ತಿಂಡಿಯಾಯಿತು. ಅಲ್ಲಿಂದ ಈ ರಸ್ತೆಗೆ ಬಂತು. ಇದನ್ನೆಲ್ಲ ಹೇಳುತ್ತಾ ನನ್ನ ಪಿತಾ ಆರಿಹೋಯಿತು. ಅಮ್ಮ ಇನ್ನೊಂದು ಚಮಚ ಅಂಬಾ ಹಾಕಿಸಿಕೊಂಡಳು.

ಬೇಯಿಸಿದ ಕಡಲೆಯನ್ನು ತಹಿನಿ ಜೊತೆ ರುಬ್ಬಿದ ಹಮ್ಮಸ್ ಕೂಡ ತರಿಸಿದೆವು. ತುಂಬ ನುಣುಪಾಗಿತ್ತು. ಅದರ ಬಗ್ಗೆ ಒಂದು ಮಾತು ಬರೆದಿಡಬೇಕು. ಹಮ್ಮಸ್ ಅರಬ್ಬಿ ಪದ, ಕಡಲೆ ಅಂತಲೇ ಅರ್ಥ. 1948ರಲ್ಲಿ ಇಸ್ರೇಲ್ ಹುಟ್ಟುವುದಕ್ಕೆ ಎಷ್ಟೋ ಮುಂಚಿನಿಂದ ಪ್ಯಾಲೆಸ್ತೀನ್, ಸಿರಿಯಾ, ಲೆಬನಾನಿನ ಮನೆಗಳಲ್ಲಿ ಇದನ್ನು ಮಾಡುತ್ತಿದ್ದರು. ಮೆನುವಿನಲ್ಲಿ ಬರೀ 'ಇಸ್ರೇಲಿ' ಅಂತ ಓದಿದಾಗ ನನಗೆ ಇರುಸುಮುರುಸಾಗುತ್ತದೆ. ದಿನಾ ಗಾಜಾದ ಸುದ್ದಿ ನೋಡುತ್ತಿರುವ ಈ ತಿಂಗಳುಗಳಲ್ಲಿ ಇನ್ನೂ ಜಾಸ್ತಿ. ಇರಾಕಿನವರದನ್ನು ಇರಾಕಿನದು, ಯೆಮೆನ್‌ನವರದನ್ನು ಯೆಮೆನ್‌ನದು ಅಂತ ಹೇಳುವವರು ಪ್ಯಾಲೆಸ್ತೀನಿನ ಹೆಸರನ್ನೂ ಹೇಳಬೇಕು, ಅಲ್ವಾ? ಲಂಡನ್ನಿನಲ್ಲೇ ಹಾಗೆ ಹೇಳಿಕೊಂಡು ಕೆಲಸ ಮಾಡಿದವರಿದ್ದಾರೆ. ಬಾಣಸಿಗರಾದ ಯೋತಮ್ ಒಟ್ಟೊಲೆಂಗಿ, ಸಾಮಿ ತಮಿಮಿ ಇಬ್ಬರೂ 1968ರಲ್ಲಿ ಜೆರುಸಲೇಮಿನಲ್ಲಿ ಹುಟ್ಟಿದವರು. ಒಬ್ಬರು ಯಹೂದಿಗಳ ಪಶ್ಚಿಮ ಭಾಗದಲ್ಲಿ ಬೆಳೆದರು, ಇನ್ನೊಬ್ಬರು ಅರಬ್ಬರ ಪೂರ್ವ ಭಾಗದಲ್ಲಿ. ಭೇಟಿಯಾದದ್ದು ಮಾತ್ರ ಈ ಊರಿನ ಒಂದು ಬೇಕರಿಯಲ್ಲಿ. 2002ರಲ್ಲಿ ನಾಟಿಂಗ್ ಹಿಲ್‌ನಲ್ಲಿ ತೆರೆದ ಅಂಗಡಿಯನ್ನು ಜೊತೆಯಾಗಿ ಬೆಳೆಸಿದರು. ಅಮ್ಮ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಒಂದೇ ಊರಿನವರು ಸಿಗೋಕೆ ಇಷ್ಟು ದೂರ ಬರಬೇಕಾಯ್ತಾ?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ.

ವಾಪಸು ಬರುವಾಗ ಕೋಷರ್ ದಿನಸಿ ಅಂಗಡಿಗೆ ಹೊಕ್ಕೆವು. ಅಮ್ಮ ಒಂದು ಪೊಟ್ಟಣ ಎತ್ತಿ ಸಬ್ಬಕ್ಕಿ ಅಂದುಕೊಂಡಳು. ಅದು ಪ್ತಿತಿಮ್, ಗೋಧಿ ಹಿಟ್ಟಿನ ಸಣ್ಣ ಗುಂಡು ಕಾಳು. 1950ರ ದಶಕದಲ್ಲಿ ಇಸ್ರೇಲಿನಲ್ಲಿ ಅಕ್ಕಿಗೆ ಬರ ಬಂದಿತ್ತು. ಅಕ್ಕಿಯ ಬದಲು ಏನಾದರೂ ಮಾಡಿಕೊಡಿ ಅಂತ ಪ್ರಧಾನಿ ಬೆನ್ ಗುರಿಯನ್ ಕೇಳಿದಾಗ ಓಸೆಮ್ ಕಂಪನಿಯವರು ತಯಾರಿಸಿದ್ದು. ಜನ ಅದನ್ನು ಬೆನ್ ಗುರಿಯನ್ ಅಕ್ಕಿ ಅಂತಲೇ ಕರೆದರು. ಒಲೆಯಲ್ಲಿ ಹುರಿದೇ ಪೊಟ್ಟಣಕ್ಕೆ ತುಂಬುತ್ತಾರೆ ಅಂದೆ. "ಹಾಗಾದ್ರೆ ರವೆ ಹುರಿಯೋ ಕೆಲಸ ತಪ್ಪಿತು" ಅಂತ ಎರಡು ಪೊಟ್ಟಣ ಬುಟ್ಟಿಗೆ ಹಾಕಿದಳು.

ಈಗ ರಾತ್ರಿ ಹತ್ತೂವರೆ. ನಾಳೆ ಬೆಳಿಗ್ಗೆ ಅದರಲ್ಲೇ ಉಪ್ಪಿಟ್ಟಂತೆ. ಕರಿಬೇವು ಉಳಿದಿದೆಯಾ ಅಂತ ಅಮ್ಮ ಫ್ರಿಜ್ಜಿನ ಬಾಗಿಲು ತೆಗೆದುಕೊಂಡು ನಿಂತಿದ್ದಾಳೆ.